ಕಾರಿನಲ್ಲಿ ನೆಂಟರ ಮನೆಗಳ ಸುತ್ತು: ಹೊರಡುವ ಮೊದಲಿನಿಂದ ವಾಪಸ್ ಬರುವವರೆಗೆ

ಬೇಸಿಗೆ ರಜೆ ಬಂತೆಂದರೆ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಇದೇ ಮಾತು: ಈ ಸಲ ಕಾರು ತಗೊಂಡು ಎಲ್ಲರ ಮನೆಗೂ ಒಂದು ಸುತ್ತು ಹೋಗಿ ಬಂದುಬಿಡೋಣ. ರಸ್ತೆಗೆ ಹೆದರಬೇಕಾಗಿಲ್ಲ, ಹೆದ್ದಾರಿಗಳು ಮೊದಲಿಗಿಂತ ಎಷ್ಟೋ ವಾಸಿ. ಜನರನ್ನು ಸುಸ್ತು ಮಾಡುವುದು ಮನೆಗಳ ಲೆಕ್ಕ. ಒಬ್ಬರ ಮನೆಯಲ್ಲಿ ತಿಂಡಿ, ಇನ್ನಿಬ್ಬರ ಮನೆಯಲ್ಲಿ ಕಾಫಿ, ಮತ್ತೊಬ್ಬರಲ್ಲಿ ಊಟ ಅಂತ ಓಡಿದರೆ ಮೂರನೇ ದಿನಕ್ಕೆ ಹೊಟ್ಟೆ ಕೆಡುತ್ತದೆ, ಮಕ್ಕಳು ರಗಳೆ ಮಾಡುತ್ತಾರೆ, ಯಾರ ಜೊತೆಗೂ ನೆಟ್ಟಗೆ ಕೂತು ಮಾತಾಡಿದ ಹಾಗಾಗುವುದಿಲ್ಲ.

ಹಾಗಾಗಿ ಮೊದಲು ಮನೆಗಳ ವಿಷಯ, ಆಮೇಲೆ ಕಾರು ಮತ್ತು ರಸ್ತೆ. ಉದಾಹರಣೆಗೆ ಒಂದು ಸುತ್ತನ್ನು ಇಟ್ಟುಕೊಳ್ಳೋಣ. ಬೆಂಗಳೂರಿನಿಂದ ದಾವಣಗೆರೆ, ಹುಬ್ಬಳ್ಳಿ, ಶಿರಸಿ, ಅಲ್ಲಿಂದ ಕುಮಟಾಕ್ಕೆ ಇಳಿದು ಕರಾವಳಿ ಹಿಡಿದು ಉಡುಪಿ, ಮಂಗಳೂರು, ಮತ್ತೆ ಶಿರಾಡಿ ಘಾಟ್ ಹತ್ತಿ ಹಾಸನದ ಮೇಲೆ ವಾಪಸ್. ಹೆಚ್ಚುಕಮ್ಮಿ 1,100 ಕಿ.ಮೀ. ಒಂದು ವಾರ ಬೇಕು. ನಿಮ್ಮ ನೆಂಟರು ಕಲಬುರಗಿ ಕಡೆಯೋ ಕೊಡಗಿನ ಕಡೆಯೋ ಇದ್ದರೆ ಊರುಗಳನ್ನು ಬದಲಿಸಿಕೊಳ್ಳಿ, ಕ್ರಮ ಇದೇ.

1. ಯಾರ ಮನೆ, ಎಷ್ಟು ಹೊತ್ತು

ಒಂದು ಹಾಳೆ ತಗೊಂಡು ದಾರಿಯಲ್ಲಿ ಸಿಗುವ ಎಲ್ಲ ನೆಂಟರ ಹೆಸರು ಬರೆಯಿರಿ. ಪಟ್ಟಿ ಉದ್ದ ಆಗಿಯೇ ಆಗುತ್ತದೆ. ಈಗ ಪ್ರತಿ ಹೆಸರಿನ ಮುಂದೆ ಮೂರರಲ್ಲಿ ಒಂದನ್ನು ಬರೆಯಿರಿ: ರಾತ್ರಿ ಉಳಿಯುವ ಮನೆ, ಊಟದ ಮನೆ, ಈ ಸಲ ಇಲ್ಲ. ‘ಸುಮ್ನೆ ಐದು ನಿಮಿಷ ಹೋಗಿ ಬರೋಣ’ ಅನ್ನುವ ನಾಲ್ಕನೇ ಬಗೆಯ ಮನೆ ಬೇಡ. ಐದು ನಿಮಿಷದಲ್ಲಿ ಯಾರೂ ಬಿಡುವುದಿಲ್ಲ. ಕಾಫಿ ಕುಡಿಯದೆ ಎದ್ದರೆ ಅವರಿಗೆ ಬೇಜಾರು, ಕೂತರೆ ಮುಂದಿನ ಮನೆಯಲ್ಲಿ ಬಿಸಿ ಅನ್ನ ಆರುತ್ತಿರುತ್ತದೆ.

ದಿನಕ್ಕೆ ಒಂದು ಊಟದ ಮನೆ, ಒಂದು ರಾತ್ರಿಯ ಮನೆ. ಅಷ್ಟೇ. ಲಗ್ನಪತ್ರಿಕೆ ಹಂಚಲು ಹೊರಟಿದ್ದರೆ ಮಾತು ಬೇರೆ. ಆಗ ಅರ್ಧ ಗಂಟೆಗೆ ಎದ್ದರೂ ಯಾರೂ ತಪ್ಪು ತಿಳಿಯುವುದಿಲ್ಲ, ಪತ್ರಿಕೆಯೇ ನೆಪ.

ನಮ್ಮ ಉದಾಹರಣೆಯ ಸುತ್ತು ಹೀಗೆ ಬೀಳುತ್ತದೆ. ಮೊದಲ ದಿನ ದಾವಣಗೆರೆಯ ಚಿಕ್ಕಪ್ಪನ ಮನೆಯಲ್ಲಿ ಮಧ್ಯಾಹ್ನದ ಊಟ, ರಾತ್ರಿ ಹುಬ್ಬಳ್ಳಿಯ ದೊಡ್ಡಮ್ಮನ ಮನೆ. ಎರಡನೇ ದಿನ ಕಾರು ತೆಗೆಯುವುದೇ ಬೇಡ, ಅಲ್ಲೇ ಇರಿ. ಮೂರನೇ ದಿನ ಶಿರಸಿಯ ಅತ್ತೆ ಮನೆ. ನಾಲ್ಕನೇ ದಿನ ಘಾಟ್ ಇಳಿದು ಸಂಜೆಗೆ ಉಡುಪಿ. ಐದನೇ ದಿನ ಮಂಗಳೂರು. ಆರನೇ ದಿನ ಶಿರಾಡಿ ಹತ್ತಿ ಹಾಸನದಲ್ಲಿ ರಾತ್ರಿ. ಏಳನೇ ದಿನ ಮಧ್ಯಾಹ್ನಕ್ಕೆ ಬೆಂಗಳೂರು.

ಒಂದೇ ಊರಿನಲ್ಲಿ ಅಣ್ಣ ತಮ್ಮಂದಿರ ಎರಡು ಮನೆ ಇದ್ದರೆ ಜಾಗ್ರತೆ. ಹಿರಿಯರು ಎಲ್ಲಿದ್ದಾರೋ ಅಲ್ಲಿ ಉಳಿಯಿರಿ, ಇನ್ನೊಂದು ಮನೆಗೆ ಊಟಕ್ಕೆ ಹೋಗಿ. ಇಡೀ ಸುತ್ತಿನಲ್ಲಿ ಎಲ್ಲಾದರೂ ಇತ್ತೀಚೆಗೆ ಸಾವಾಗಿದ್ದು ನೀವು ಮಾತಾಡಿಸಲು ಹೋಗಿಲ್ಲದಿದ್ದರೆ, ಆ ಮನೆ ‘ಈ ಸಲ ಇಲ್ಲ’ ಪಟ್ಟಿಗೆ ಹೋಗಲೇಬಾರದು. ಅಲ್ಲಿಗೆ ಸಿಹಿ ಒಯ್ಯಬೇಡಿ, ಮಕ್ಕಳ ಗಲಾಟೆ ಕಡಿಮೆ ಇರುವ ಹೊತ್ತು ನೋಡಿ ಹೋಗಿ.

ಕೈಬಿಟ್ಟ ಮನೆಗಳಿಗೂ ಫೋನ್ ಮಾಡಿ, ಅದೂ ಹೊರಡುವ ಮೊದಲೇ. ‘ಈ ಸಲ ಆ ಕಡೆ ಬರ್ತಿದ್ದೀವಿ, ನಿಮ್ಮನೆಗೆ ಬರಕ್ಕಾಗ್ತಿಲ್ಲ, ದಸರಾಕ್ಕೆ ಬರ್ತೀವಿ’ ಅಂದರೆ ಮುಗಿಯಿತು. ಇಲ್ಲದಿದ್ದರೆ ನೀವು ಹುಬ್ಬಳ್ಳಿಯಲ್ಲಿ ಹಾಕಿದ ವಾಟ್ಸಾಪ್ ಸ್ಟೇಟಸ್ಸನ್ನು ರಾಣೆಬೆನ್ನೂರಿನ ಸೋದರಮಾವ ಮೊದಲು ನೋಡುತ್ತಾರೆ. ಅವರ ಊರಿನ ಪಕ್ಕದಲ್ಲೇ ನಿಮ್ಮ ಕಾರು ಹಾದು ಹೋಗಿದೆ, ಅಲ್ವಾ!

2. ದಿನ ಗೊತ್ತು ಮಾಡುವುದು

ನಮಗೆ ರಜೆ ಇದ್ದರೆ ಸಾಲದು, ಅವರಿಗೂ ಪುರುಸೊತ್ತಿರಬೇಕು. ಶಿರಸಿ, ಸಿದ್ದಾಪುರ, ಸಾಗರದ ಕಡೆ ಅಡಿಕೆ ಕೊಯ್ಲು ಶುರುವಾದರೆ ಮನೆಯಲ್ಲಿ ಯಾರಿಗೂ ಕೈ ಬಿಡುವಿರುವುದಿಲ್ಲ. ಅಡಿಕೆ ಗೊನೆ ಇಳಿಸಬೇಕು, ಸುಲಿಯಬೇಕು, ಬೇಯಿಸಬೇಕು, ಒಣಹಾಕಬೇಕು. ನವೆಂಬರಿನಿಂದ ಜನವರಿಯವರೆಗೆ ಅಲ್ಲಿಗೆ ಹೋಗುವುದಾದರೆ ಕೇಳಿಯೇ ಹೋಗಿ. ಧಾರವಾಡ, ಹಾವೇರಿಯ ಬೇಸಾಯದ ಮನೆಗಳಲ್ಲಿ ಮುಂಗಾರು ಬಿತ್ತನೆಯ ಜೂನ್ ತಿಂಗಳು ಹಾಗೆಯೇ.

ವಾರ, ತಿಥಿಯನ್ನೂ ನೋಡಿಕೊಳ್ಳಿ. ನಿಮಗೆ ನಂಬಿಕೆ ಇಲ್ಲದಿರಬಹುದು, ಅವರಿಗಿರುತ್ತದೆ. ಎಷ್ಟೋ ಮನೆಗಳಲ್ಲಿ ಮಂಗಳವಾರ, ಶುಕ್ರವಾರ ಮನೆಮಗಳನ್ನು ಕಳಿಸಿಕೊಡುವುದಿಲ್ಲ. ಗುರುವಾರ ಸಂಜೆ ತವರಿಗೆ ಹೋಗಿ ಶುಕ್ರವಾರ ಬೆಳಗ್ಗೆ ಹೊರಡುತ್ತೇವೆ ಅಂದರೆ ಅಮ್ಮ ಒಪ್ಪುವುದು ಕಷ್ಟ. ಅಮಾವಾಸ್ಯೆ ದಿನ ಹೊರಡಬೇಡಿ ಅನ್ನುವ ಹಿರಿಯರ ಜೊತೆ ವಾದ ಮಾಡುವುದಕ್ಕಿಂತ ಒಂದು ದಿನ ಹಿಂದೆ ಮುಂದೆ ಮಾಡಿಕೊಳ್ಳುವುದು ಸುಲಭ. ಏಕಾದಶಿ ಉಪವಾಸದ ಮನೆಗೆ ಅದೇ ದಿನ ಊಟಕ್ಕೆ ಹೋಗುವುದು, ಸೋಮವಾರ ಮಾಂಸ ಮಾಡದ ಮನೆಗೆ ಬಾಡೂಟದ ಆಸೆ ಇಟ್ಟುಕೊಂಡು ಹೋಗುವುದು, ಎರಡೂ ಫಜೀತಿ.

ಮಳೆಗಾಲದಲ್ಲಿ ಈ ಸುತ್ತು ನನಗೆ ಇಷ್ಟವಿಲ್ಲ. ಹಸಿರು ಚೆನ್ನಾಗಿರುತ್ತದೆ, ನಿಜ. ಆದರೆ 2024ರ ಜುಲೈಯಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಮುಚ್ಚಿತ್ತು. ಅದೇ ತಿಂಗಳು ಸಕಲೇಶಪುರದ ದೋಣಿಗಲ್ ಹತ್ತಿರವೂ ಮಣ್ಣು ಜರಿದಿತ್ತು. ಮಕ್ಕಳು, ವಯಸ್ಸಾದವರನ್ನು ಕೂರಿಸಿಕೊಂಡು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಾಟ್ ರಸ್ತೆಗಳನ್ನು ನಂಬಿ ಹೊರಡಬೇಡಿ.

3. ಕಾರು

ಸರ್ವಿಸ್ ಮಾಡಿಸುವುದಾದರೆ ಹೊರಡುವ ಒಂದು ವಾರ ಮುಂಚೆ. ಹಿಂದಿನ ದಿನ ಬೇಡವೇ ಬೇಡ. ಹೊಸದಾಗಿ ಹಾಕಿದ ಭಾಗ ಸರಿಯಿದೆಯೋ, ಎಲ್ಲಾದರೂ ಆಯಿಲ್ ಸೋರುತ್ತಿದೆಯೋ ಅನ್ನುವುದು ಊರೊಳಗೆ ನಾಲ್ಕು ದಿನ ಓಡಿಸಿದರೆ ಗೊತ್ತಾಗುತ್ತದೆ. ಬ್ರೇಕ್, ಕೂಲಂಟ್, ವೈಪರ್, ಎಲ್ಲ ಲೈಟು ನೋಡಿಸಿ. ಬ್ಯಾಟರಿಗೆ ಮೂರು ನಾಲ್ಕು ವರ್ಷ ಆಗಿದ್ದರೆ ಅದನ್ನೂ ಪರೀಕ್ಷೆ ಮಾಡಿಸಿ.

ಹೆಚ್ಚು ಗಮನ ಕೊಡಬೇಕಾದ್ದು ಟೈರಿಗೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಒಂದು ಸಂಖ್ಯೆ ಇರುತ್ತದೆ. 2321 ಅಂತಿದ್ದರೆ ಅದು 2021ನೇ ಇಸವಿಯ 23ನೇ ವಾರ ತಯಾರಾದ ಟೈರು. ಟೈರಿನ ಮೈಮೇಲಿನ ಗುಂಡಿ (ಟ್ರೆಡ್) ಎಷ್ಟೇ ಆಳವಾಗಿ ಕಂಡರೂ ಐದಾರು ವರ್ಷ ದಾಟಿದ ಟೈರನ್ನು ತಿಳಿದವರಿಗೆ ತೋರಿಸದೆ ಇಂಥ ದಾರಿಗೆ ಒಯ್ಯಬೇಡಿ. ಗುಂಡಿಯ ಆಳ 1.6 ಮಿ.ಮೀ.ಗಿಂತ ಕಡಿಮೆ ಆಗಿದ್ದರೆ ಕಾನೂನಿನ ಪ್ರಕಾರವೂ ಆ ಟೈರು ಓಡಿಸುವಂತಿಲ್ಲ. ಎಷ್ಟು ಗಾಳಿ ಬೇಕು ಅನ್ನುವುದು ಡ್ರೈವರ್ ಬಾಗಿಲು ತೆಗೆದರೆ ಕಾಣುವ ಸ್ಟಿಕರಿನಲ್ಲಿರುತ್ತದೆ. ಅದರಲ್ಲಿ ಕಡಿಮೆ ಜನಕ್ಕೆ ಒಂದು ಅಳತೆ, ತುಂಬಿದ ಕಾರಿಗೆ ಇನ್ನೊಂದು ಅಳತೆ ಇದ್ದರೆ ಎರಡನೆಯದನ್ನು ಹಿಡಿಯಿರಿ. ಗಾಳಿ ನೋಡುವುದು ಬೆಳಗ್ಗೆ, ಟೈರು ತಣ್ಣಗಿರುವಾಗ. ದಾರಿಯಲ್ಲಿ ಬಿಸಿಯಾದಾಗ ಅಂಕಿ ಮೇಲೆ ಹೋಗುತ್ತದೆ. ಅದನ್ನು ನೋಡಿ ಗಾಳಿ ಬಿಡಬೇಡಿ.

ಸ್ಟೆಪ್ನಿಗೂ ಗಾಳಿ ತುಂಬಿಸಿ. ಜಾಕು, ವೀಲ್ ಪಾನ ಎಲ್ಲಿದೆ ನೋಡಿ, ಮನೆ ಮುಂದೆಯೇ ಒಂದು ಬೋಲ್ಟ್ ಸಡಿಲಿಸಿ ನೋಡಿ ಮತ್ತೆ ಬಿಗಿ ಮಾಡಿ. ಮೆಷಿನ್ನಿನಲ್ಲಿ ಬಿಗಿದ ಬೋಲ್ಟ್ ಕೆಲವೊಮ್ಮೆ ಕಾಲಲ್ಲಿ ಒತ್ತಿದರೂ ಅಲ್ಲಾಡುವುದಿಲ್ಲ. ಈ ವಿಷಯ ಯಲ್ಲಾಪುರದ ಕಾಡಿನಲ್ಲಿ ಗೊತ್ತಾಗುವುದು ಬೇಡ.

ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಸರ್ಟಿಫಿಕೇಟ್, ಡಿಎಲ್ ಡಿಜಿಲಾಕರ್‌ನಲ್ಲಿದ್ದರೆ ಸಾಕು, ಪೊಲೀಸರು ಒಪ್ಪಬೇಕು. ಆದರೆ ಅವಧಿ ಮುಗಿದಿದೆಯಾ ನೋಡಿಕೊಳ್ಳಿ. ಹೊಗೆ ಸರ್ಟಿಫಿಕೇಟನ್ನೇ ಎಲ್ಲರೂ ಮರೆಯುವುದು.

4. ಟೋಲ್

ಫಾಸ್ಟ್ಯಾಗ್ 2021ರ ಫೆಬ್ರವರಿಯಿಂದ ಕಡ್ಡಾಯ. ಹೊರಡುವ ಎರಡು ದಿನ ಮುಂಚೆಯೇ ದುಡ್ಡು ಹಾಕಿ, ಕೆವೈಸಿ ಬಾಕಿ ಇದ್ದರೆ ಮುಗಿಸಿ. ಟ್ಯಾಗ್ ಬ್ಲಾಕ್ ಆಗಿದ್ದರೆ ಟೋಲ್ ಗೇಟಿನಲ್ಲಿ ಜಾಸ್ತಿ ಕಟ್ಟಬೇಕಾಗುತ್ತದೆ, ಹಿಂದಿನವರ ಹಾರನ್ ಬೇರೆ.

2025ರ ಆಗಸ್ಟ್ 15ರಿಂದ ಖಾಸಗಿ ಕಾರುಗಳಿಗೆ ವಾರ್ಷಿಕ ಪಾಸ್ ಬಂದಿದೆ. ಶುರುವಾದಾಗ 3,000 ರೂಪಾಯಿ. ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅದು. ಅಂದರೆ ಒಂದು ಗೇಟಿಗೆ 15 ರೂಪಾಯಿ ಬಿತ್ತು. ತಿಂಗಳಿಗೊಮ್ಮೆ ಊರಿಗೆ ಹೋಗುವವರು ಕಣ್ಣುಮುಚ್ಚಿ ತಗೊಳ್ಳಬಹುದು. ವರ್ಷಕ್ಕೆ ಒಂದೇ ಸುತ್ತು ಹೋಗುವವರಿಗೆ ಲಾಭವಿಲ್ಲ. ಈ ಪಾಸ್ ರಾಷ್ಟ್ರೀಯ ಹೆದ್ದಾರಿ ಮತ್ತು ಎಕ್ಸ್‌ಪ್ರೆಸ್‌ವೇಗಳಲ್ಲಿ ಮಾತ್ರ ನಡೆಯುತ್ತದೆ. ರಾಜ್ಯ ಹೆದ್ದಾರಿಯ ಟೋಲಿಗೆ ಮಾಮೂಲಿ ದುಡ್ಡೇ ಕಟ್ ಆಗುತ್ತದೆ, ಹಾಗಾಗಿ ಟ್ಯಾಗಿನಲ್ಲಿ ಹಣ ಇರಲಿ.

ರಾಷ್ಟ್ರೀಯ ಹೆದ್ದಾರಿಯಲ್ಲಿ ಕಾರು ಕೆಟ್ಟರೆ 1033ಕ್ಕೆ ಫೋನ್ ಮಾಡಿ. ಪೊಲೀಸ್ ಅಥವಾ ಬೇರೆ ತುರ್ತಿಗೆ 112, ಆಂಬುಲೆನ್ಸಿಗೆ 108. ಮೂರನ್ನೂ ಮನೆಯವರೆಲ್ಲರ ಫೋನಿನಲ್ಲಿ ಹಾಕಿಡಿ.

5. ಏನು ಒಯ್ಯುವುದು

ನೆಂಟರ ಮನೆಗೆ ಬರಿಗೈಯಲ್ಲಿ ಹೋಗುವಂತಿಲ್ಲ. ಆದರೆ ಅವರು ಬೆಳೆಯುವುದನ್ನೇ ಅವರಿಗೆ ಒಯ್ಯಬೇಡಿ. ತಿಪಟೂರಿಗೆ ತೆಂಗಿನಕಾಯಿ, ಶಿರಸಿಗೆ ಬಾಳೆಹಣ್ಣು ಯಾಕೆ? ದಾರಿಯ ಊರುಗಳನ್ನು ಬಳಸಿಕೊಳ್ಳಿ. ಧಾರವಾಡದ ಪೇಡೆಯನ್ನು ಹುಬ್ಬಳ್ಳಿಯಲ್ಲಿ ಕೊಂಡು ಉಡುಪಿಗೆ ಕೊಡಿ. ಬ್ಯಾಡಗಿ ಮೆಣಸಿನಕಾಯಿ ಹಾವೇರಿ ಜಿಲ್ಲೆಯದೇ, ಕರಾವಳಿಯ ಅಡುಗೆಮನೆಯಲ್ಲಿ ಅದಕ್ಕೆ ದೊಡ್ಡ ಮರ್ಯಾದೆ. ಒಳ್ಳೆ ಮೆಣಸಿನಕಾಯಿ ಒಂದೆರಡು ಕೆ.ಜಿ. ತಗೊಂಡು ಹೋದರೆ ಮಂಗಳೂರಿನ ಅತ್ತಿಗೆಗೆ ಯಾವ ಸ್ವೀಟ್ ಬಾಕ್ಸಿಗಿಂತಲೂ ಖುಷಿ. ಶಿರಸಿಯ ತೊಡೆದೇವು ಅನ್ನುವ ತೆಳ್ಳಗಿನ ಸಿಹಿತಿಂಡಿ ಹಾಸನದವರಿಗೆ ಹೊಸದು, ಆದರೆ ಮುರಿಯದ ಹಾಗೆ ಡಬ್ಬಿಯಲ್ಲಿಡಿ.

ಸಕ್ಕರೆ ಕಾಯಿಲೆ ಇಲ್ಲದ ಮನೆ ಈಗ ಕಡಿಮೆ. ಸಿಹಿ ಅರ್ಧ ಕೆ.ಜಿ. ಸಾಕು, ಜೊತೆಗೆ ಹಣ್ಣು ಅಥವಾ ಖಾರ. ಹೆಂಗಸರಿಗೆ ಎಲೆ ಅಡಿಕೆ ಜೊತೆ ಕಣ (ರವಿಕೆ ಬಟ್ಟೆ) ಕೊಡುವುದಾದರೆ ಓರಗಿತ್ತಿಯರಿಗೆ ಒಂದೇ ಬೆಲೆಯದು. ಮಕ್ಕಳಿಗೂ ಅಷ್ಟೇ, ಒಬ್ಬನಿಗೆ ದೊಡ್ಡ ಕಾರು ಒಬ್ಬನಿಗೆ ಪೆನ್ಸಿಲ್ ಬಾಕ್ಸ್ ಆದರೆ ನೀವು ಹೊರಟ ಮೇಲೂ ಜಗಳ ನಡೆಯುತ್ತದೆ. ಎರಡು ಮೂರು ಉಡುಗೊರೆ ಹೆಚ್ಚಿಗೆ ಇರಲಿ, ಲೆಕ್ಕದಲ್ಲಿಲ್ಲದ ಮಗು ಯಾವಾಗಲೂ ಒಂದು ಇರುತ್ತದೆ.

ನಿಮ್ಮದೇ ಬೆಡ್‌ಶೀಟ್, ಟವೆಲ್, ಸೋಪು, ಮಾತ್ರೆಗಳು, ಮಕ್ಕಳಿಗೆ ಒಂದು ತೆಳ್ಳಗಿನ ಕಂಬಳಿ ಒಯ್ದರೆ ಮನೆಯವರಿಗೆ ಅರ್ಧ ಕೆಲಸ ಉಳಿಯುತ್ತದೆ. ಹೊರಡುವಾಗ ಡಿಕ್ಕಿಯ ಮೂರನೇ ಒಂದು ಭಾಗ ಖಾಲಿ ಇರಲೇಬೇಕು. ವಾಪಸ್ ಬರುವಾಗ ಅದರಲ್ಲಿ ಹಪ್ಪಳ, ಉಪ್ಪಿನಕಾಯಿ, ಕೆಂಪಕ್ಕಿ, ತೆಂಗಿನಕಾಯಿ, ಹಲಸಿನಹಣ್ಣು ಬಂದು ಕೂರುತ್ತವೆ. ಇಡೀ ಹಲಸಿನಹಣ್ಣನ್ನು ಮಾತ್ರ ಒಪ್ಪಬೇಡಿ. ಎಸಿ ಹಾಕಿದ ಕಾರಿನಲ್ಲಿ ಆ ವಾಸನೆಯ ಜೊತೆ ಘಾಟ್ ಹತ್ತುವುದು ಬೇಡ, ತೊಳೆ ಬಿಡಿಸಿ ಡಬ್ಬಿಗೆ ಹಾಕಿಕೊಡಿ ಅನ್ನಿ.

ಬುತ್ತಿ ಸ್ವಲ್ಪವೇ ಇರಲಿ: ಚಪಾತಿ, ಚಟ್ನಿಪುಡಿ, ಪುಳಿಯೋಗರೆ. ಕಾಯಿಚಟ್ನಿ ಬೇಡ, ಬಿಸಿಲಿಗೆ ಹಳಸುತ್ತದೆ. ಮೊಸರನ್ನಕ್ಕೆ ಹಾಲು ಜಾಸ್ತಿ, ಮೊಸರು ಒಂದು ಚಮಚ ಹಾಕಿ ಕಲಸಿದರೆ ಮಧ್ಯಾಹ್ನದವರೆಗೂ ಹುಳಿಯಾಗುವುದಿಲ್ಲ.

6. ರಸ್ತೆಯಲ್ಲಿ

ಬೆಂಗಳೂರನ್ನು ಬೆಳಗ್ಗೆ ಐದಕ್ಕೇ ಬಿಡಿ. ಗೊರಗುಂಟೆಪಾಳ್ಯ, ಎಂಟನೇ ಮೈಲಿ, ನೆಲಮಂಗಲ ದಾಟಿದರೆ ಅರ್ಧ ಪ್ರಯಾಣ ಮುಗಿದ ಹಾಗೆ. ಆರೂವರೆ ಮೇಲೆ ಹೊರಟರೆ, ಅದೂ ಹಬ್ಬದ ಹಿಂದಿನ ದಿನ, ನೆಲಮಂಗಲಕ್ಕೇ ಒಂದೂವರೆ ಗಂಟೆ ಹಿಡಿಯಬಹುದು. ಹಾಗಂತ ರಾತ್ರಿಯೇ ಹೊರಡುವುದು ಬೇಡ. ಬೆಳಗಿನ ಜಾವ ಎರಡರಿಂದ ಐದು ಗಂಟೆಯ ನಿದ್ದೆಯನ್ನು ಟೀ ಕುಡಿದು ತಡೆಯಲಾಗುವುದಿಲ್ಲ. ಜೊತೆಗೆ ಹಿಂದೆ ಲೈಟಿಲ್ಲದ ಟ್ರ್ಯಾಕ್ಟರು, ಪಕ್ಕದಲ್ಲಿ ನಿಲ್ಲಿಸಿದ ಲಾರಿ.

ತುಮಕೂರಿನ ಹತ್ತಿರ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನಬಹುದು. ಒಂದೇ ತಟ್ಟೆ, ಯಾಕೆಂದರೆ ದಾವಣಗೆರೆಯ ಚಿಕ್ಕಮ್ಮ ಅಡುಗೆ ಮಾಡಿ ಕಾಯುತ್ತಿರುತ್ತಾರೆ. ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ದಾವಣಗೆರೆಗೆ ಸುಮಾರು 260 ಕಿ.ಮೀ. ಎರಡು ಗಂಟೆಗೊಮ್ಮೆ ನಿಲ್ಲಿಸುತ್ತಾ ಹೋದರೂ ಹನ್ನೊಂದಕ್ಕೆ ತಲುಪುತ್ತೀರಿ. ನಿಲ್ಲಿಸುವುದು ಪೆಟ್ರೋಲ್ ಬಂಕಿನಲ್ಲಿ. ಶೌಚಾಲಯ, ಕುಡಿಯುವ ನೀರು, ಟೈರಿಗೆ ಗಾಳಿ ಬಂಕಿನವರು ಉಚಿತವಾಗಿ ಕೊಡಬೇಕು, ಕೇಳಲು ಸಂಕೋಚ ಬೇಡ. ಹೆದ್ದಾರಿಯ ಅಂಚಿನಲ್ಲಿ ಮಾತ್ರ ನಿಲ್ಲಿಸಬೇಡಿ.

ಮ್ಯಾಪು ತೋರಿಸುವ ಸಮಯಕ್ಕೆ ಕಾಲು ಭಾಗ ಸೇರಿಸಿ ಹೇಳಿ. ನಾಲ್ಕು ಪಥದ ರಸ್ತೆಯಲ್ಲಿ ನಿಲುಗಡೆ ಸೇರಿ ಗಂಟೆಗೆ 60 ಕಿ.ಮೀ. ಅಂತ ಲೆಕ್ಕ ಹಿಡಿಯಿರಿ, ಘಾಟಿನಲ್ಲಿ 30. ಶಿರಸಿಯಿಂದ ಕುಮಟಾ 60 ಕಿ.ಮೀ. ಅಷ್ಟೇ ಅಂತ ಹತ್ತಕ್ಕೆ ಹೊರಟು ಹನ್ನೊಂದಕ್ಕೆ ತಲುಪುತ್ತೇವೆ ಅನ್ನಬೇಡಿ. ನಡುವೆ ದೇವಿಮನೆ ಘಾಟ್ ಇದೆ. ರಸ್ತೆ ಅಗಲ ಮಾಡುವ ಕೆಲಸಕ್ಕೆ ಈ ದಾರಿ ಹಿಂದೆ ಹಲವು ಸಲ ಮುಚ್ಚಿದ್ದೂ ಉಂಟು. ಹಿಂದಿನ ದಿನ ಶಿರಸಿಯಲ್ಲೇ ವಿಚಾರಿಸಿ, ಬೇಕಾದರೆ ಯಲ್ಲಾಪುರಕ್ಕೆ ಹೋಗಿ ಅರಬೈಲ್ ಘಾಟಿನಲ್ಲಿ ಅಂಕೋಲಾಕ್ಕೆ ಇಳಿಯಬಹುದು.

ಘಾಟ್ ಇಳಿಯುವಾಗ ನ್ಯೂಟ್ರಲ್ ಮಾಡಬೇಡಿ. ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್. ಬ್ರೇಕ್ ಒತ್ತುತ್ತಲೇ ಇದ್ದರೆ ಬಿಸಿಯಾಗಿ ಸುಟ್ಟ ವಾಸನೆ ಬರುತ್ತದೆ, ಆಮೇಲೆ ಹಿಡಿಯುವುದೇ ಇಲ್ಲ. ವಾಸನೆ ಬಂದರೆ ಅಗಲ ಇರುವ ಕಡೆ ನಿಲ್ಲಿಸಿ ಆರಲು ಬಿಡಿ, ಚಕ್ರಕ್ಕೆ ನೀರು ಹೊಯ್ಯಬೇಡಿ. ಹತ್ತಿ ಬರುವ ಗಾಡಿಗೆ ದಾರಿ ಬಿಡುವುದು ಕ್ರಮ. ತಿರುವಿನಲ್ಲಿ ಕೆಂಪು ಬಸ್ಸು ಪೂರ್ತಿ ರಸ್ತೆ ಹಿಡಿದು ಬರುತ್ತದೆ ಅಂತಲೇ ತಿಳಿದು ಓಡಿಸಿ.

ವಾಂತಿ ಮಾಡುವ ಮಕ್ಕಳಿಗೆ ಮಾತ್ರೆ ಕೊಡುವುದಾದರೆ ಡಾಕ್ಟರನ್ನು ಕೇಳಿ, ಘಾಟಿಗೆ ಅರ್ಧ ಮುಕ್ಕಾಲು ಗಂಟೆ ಮೊದಲೇ ಕೊಡಿ. ವಾಕರಿಕೆ ಶುರುವಾದ ಮೇಲೆ ಕೊಟ್ಟರೆ ಮಾತ್ರೆಯೂ ಹೊರಗೆ. ಮೊಬೈಲ್ ಕಸಿದುಕೊಳ್ಳಿ, ಕಿಟಕಿ ಸ್ವಲ್ಪ ಇಳಿಸಿ, ದೂರ ನೋಡಲು ಹೇಳಿ. ಹಿಂದೆ ಕೂತವರಿಗೂ ಸೀಟ್ ಬೆಲ್ಟ್ ಕಡ್ಡಾಯ. ಅಜ್ಜಿ ಗೊಣಗಿದರೂ ಹಾಕಿಸಿ.

ಮಂಗಳೂರಿನಿಂದ ಹತ್ತುವಾಗ ಶಿರಾಡಿಯಲ್ಲಿ ತೊಂದರೆ ಇದ್ದರೆ ಚಾರ್ಮಾಡಿ ಅಥವಾ ಮಡಿಕೇರಿಗೆ ಹೋಗುವ ಸಂಪಾಜೆ ದಾರಿ ಇದೆ. ಎರಡರ ಸ್ಥಿತಿಯನ್ನೂ ಕೇಳಿಕೊಂಡು ಹೊರಡಿ. ನೆಂಟರು ಮೈಸೂರು ದಾಟಿ ಊಟಿ, ವಯನಾಡಿನ ಕಡೆ ಇದ್ದರೆ ಇನ್ನೊಂದು ಮಾತು: ಬಂಡೀಪುರದ ರಸ್ತೆ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಮುಚ್ಚಿರುತ್ತದೆ. ಅಲ್ಲಿಯವರೆಗೆ ಗುಂಡ್ಲುಪೇಟೆಯಲ್ಲೇ ಇರಬೇಕಾಗುತ್ತದೆ.

7. ಅವರ ಮನೆಯಲ್ಲಿ

ಹಿಂದಿನ ಸಂಜೆ ಒಂದು ಫೋನ್, ಒಂದು ಗಂಟೆ ದೂರ ಇರುವಾಗ ಇನ್ನೊಂದು. ‘ಏನೂ ಮಾಡಬೇಡಿ’ ಅನ್ನುವುದು ವ್ಯರ್ಥ, ಯಾರೂ ಕೇಳುವುದಿಲ್ಲ. ಅದರ ಬದಲು ಏನು ಬೇಕು ಅಂತ ಹೇಳಿ. ‘ಒಂದು ಗಂಟೆಗೆ ಊಟಕ್ಕೆ ಬರ್ತೀವಿ ದೊಡ್ಡಮ್ಮ, ನಿಮ್ಮ ಕೈ ರೊಟ್ಟಿ ಎಣ್ಣೆಗಾಯಿ ಸಾಕು’ ಅಂದರೆ ಅವರಿಗೂ ಹಗುರ, ನಿಮಗೂ ಹಬ್ಬ. ತಡವಾದರೆ ಮುಚ್ಚಿಡಬೇಡಿ. ‘ಇಲ್ಲೇ ಬಂದ್ವಿ’ ಅಂತ ಚಿತ್ರದುರ್ಗದಿಂದ ಹೇಳಿದರೆ ಅಲ್ಲಿ ಹಿರಿಯರು ಊಟ ಮಾಡದೆ ಕಾಯುತ್ತಾರೆ.

ಸೇರಿದ ಕೂಡಲೇ ಕೈಕಾಲು ತೊಳೆದು ಮನೆಯ ಹಿರಿಯರ ಹತ್ತಿರ ಹೋಗಿ ಕೂರಿ. ದಕ್ಷಿಣ ಕನ್ನಡದಲ್ಲಿ ಮೊದಲು ಬೆಲ್ಲ ನೀರು ಬರುತ್ತದೆ, ಬೇಡ ಅನ್ನಬೇಡಿ. ಹುಬ್ಬಳ್ಳಿ ಕಡೆ ಹೊರಡುವಾಗ ಹೆಣ್ಣುಮಕ್ಕಳಿಗೆ ಉಡಿ ತುಂಬುತ್ತಾರೆ. ಅದಕ್ಕೆ ಅರ್ಧ ಗಂಟೆ ಇಟ್ಟುಕೊಳ್ಳಿ, ಕಾರಿನ ಕೀಲಿ ಹಿಡಿದು ಬಾಗಿಲಲ್ಲಿ ನಿಂತು ಅವಸರ ಮಾಡಬೇಡಿ.

ಮನೆ ಚಿಕ್ಕದು, ನೀವು ಐದಾರು ಜನ ಅಂದರೆ ಲಾಡ್ಜಿನಲ್ಲಿ ಮಲಗುವುದರಲ್ಲಿ ತಪ್ಪಿಲ್ಲ. ಆದರೆ ಇದನ್ನು ಫೋನಿನಲ್ಲೇ ಹೇಳಿ: ‘ರೂಮ್ ಮಾಡಿದ್ದೀವಿ ಅತ್ತೆ, ಊಟ ತಿಂಡಿ ಎಲ್ಲ ನಿಮ್ಮನೆಲೇ.’ ರಾತ್ರಿ ಊಟ ಆದ ಮೇಲೆ ಎದ್ದು ಲಾಡ್ಜಿಗೆ ಹೊರಟರೆ ವರ್ಷಗಟ್ಟಲೆ ಮಾತು ಕೇಳಬೇಕಾಗುತ್ತದೆ. ಉಳಿದರೆ ಬೆಳಗ್ಗೆ ಸ್ನಾನದ ಸರದಿ ಮೊದಲೇ ಕೇಳಿಕೊಳ್ಳಿ. ಶಾಲೆ, ಆಫೀಸಿಗೆ ಹೋಗುವವರದು ಮೊದಲು. ಒಲೆ ನೀರಿನ ಮನೆಯಾದರೆ ಹಂಡೆಗೆ ನೀರು ತುಂಬುವ ಕೆಲಸ ನಿಮ್ಮ ಹುಡುಗರಿಗೆ ವಹಿಸಿ.

ಅಡುಗೆಮನೆಗೆ ಹೋಗಿ ತರಕಾರಿ ಹೆಚ್ಚುವುದು, ಪಾತ್ರೆ ತೊಳೆಯುವುದು ಬರೀ ಸೊಸೆಯಂದಿರ ಪಾಲಿಗೆ ಬೀಳಬಾರದು. ಗಂಡಸರು ಕಡೇಪಕ್ಷ ಎಲೆ ಎತ್ತಲಿ. ಡ್ರೈವ್ ಮಾಡುವವರಿಗೆ ಮಾತ್ರ ರಿಯಾಯಿತಿ, ಊಟ ಆದ ಮೇಲೆ ಮುಕ್ಕಾಲು ಗಂಟೆ ಮಲಗಲು ಬಿಡಿ. ಹೋಳಿಗೆ ಊಟ ಮಾಡಿ ನೇರ ಸ್ಟೇರಿಂಗ್ ಹಿಡಿದರೆ ಮೂರು ಗಂಟೆಯ ಹೊತ್ತಿಗೆ ಕಣ್ಣು ಮುಚ್ಚಿಯೇ ಮುಚ್ಚುತ್ತದೆ.

ಜಮೀನು, ಪಾಲು, ಹಳೇ ಸಾಲದ ಮಾತನ್ನು ಈ ಸುತ್ತಿನಲ್ಲಿ ತೆಗೆಯಬೇಡಿ. ಅದಕ್ಕೆ ಬೇರೆ ದಿನ, ಮಕ್ಕಳಿಲ್ಲದೆ ಹೋಗಿ. ಬದಲಿಗೆ ಹಿರಿಯರ ಹತ್ತಿರ ಹಳೇ ಫೋಟೋ ಕೇಳಿ, ಅದರಲ್ಲಿರುವವರ ಹೆಸರನ್ನು ಮೊಬೈಲಿನಲ್ಲಿ ಬರೆದುಕೊಳ್ಳಿ. ಎಷ್ಟೋ ಮುಖಗಳ ಹೆಸರು ಈಗ ಅವರಿಗೆ ಮಾತ್ರ ಗೊತ್ತಿರುತ್ತದೆ.

8. ಬಂದ ಮೇಲೆ

ಮನೆ ಸೇರಿದ ರಾತ್ರಿಯೇ ನೀವು ಉಳಿದುಕೊಂಡಿದ್ದ ಮನೆಗಳಿಗೆಲ್ಲ ‘ಮುಟ್ಟಿದ್ವಿ’ ಅಂತ ಫೋನ್ ಮಾಡಿ. ಮೆಸೇಜ್ ಸಾಲದು, ವಯಸ್ಸಾದವರು ಫೋನಿಗಾಗಿ ಎಚ್ಚರ ಇರುತ್ತಾರೆ. ಎರಡು ದಿನ ಬಿಟ್ಟು ಫಾಸ್ಟ್ಯಾಗ್ ಲೆಕ್ಕ ನೋಡಿ. ಒಂದೇ ಗೇಟಿನಲ್ಲಿ ಎರಡು ಸಲ ದುಡ್ಡು ಹೋಗಿದ್ದರೆ ಟ್ಯಾಗ್ ಕೊಟ್ಟ ಬ್ಯಾಂಕಿಗೆ ದೂರು ಕೊಡಿ. ಫೋಟೋಗಳನ್ನು ಆಯಾ ಮನೆಯವರಿಗೆ ಕಳಿಸಿ, ಎಲ್ಲವನ್ನೂ ಒಂದೇ ಗ್ರೂಪಿಗೆ ಸುರಿಯಬೇಡಿ.

ಉಪ್ಪಿನಕಾಯಿ, ಹಪ್ಪಳ ಬಂದ ಸ್ಟೀಲ್ ಡಬ್ಬಿಗಳ ಮೇಲೆ ಯಾರ ಮನೆಯದು ಅಂತ ಚೀಟಿ ಅಂಟಿಸಿಡಿ. ಮುಂದೆ ಆ ಕಡೆ ಹೋಗುವವರ ಕೈಯಲ್ಲಿ ವಾಪಸ್ ಕಳಿಸುವಾಗ ಖಾಲಿ ಕಳಿಸಬೇಡಿ, ಒಂದು ಹಿಡಿ ಸಕ್ಕರೆಯಾದರೂ ಹಾಕಿ.